ಮೈನಸ್ ಬೆಲೆಯ ಅಡಿಕೆ, ಎಂಟು ಬೈಟಿನ ನಲ್ಲೂರು

ಕ್ವಿಂಟಾಲಿಗೆ ₹50,000 ಬೆಲೆಯ ರಾಶಿ ಅಡಿಕೆಯನ್ನು ಮೈನಸ್ ₹15,536ಕ್ಕೆ ಕೇಳುವ ಖರೀದಿದಾರ ಚನ್ನಗಿರಿ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮೈನಸ್ ಅಂದರೆ ಅಡಿಕೆಯನ್ನೂ ಕೊಟ್ಟು, ಮೇಲೆ ಹದಿನೈದೂವರೆ ಸಾವಿರವನ್ನು ಕೈಯಿಂದ ಕಟ್ಟಿ, ಖಾಲಿ ಚೀಲ ಕೊಡವಿಕೊಂಡು ಮನೆಗೆ ಬರಬೇಕು. ಇಂಥ ವ್ಯಾಪಾರ ಮಾಡುವ ದಲ್ಲಾಳಿ ಒಬ್ಬನಿದ್ದಾನೆ. ನಮ್ಮ ಕಾಲೇಜುಗಳ ಕಂಪ್ಯೂಟರ್ ಲ್ಯಾಬಿನಲ್ಲಿ ನೀಲಿ ಪರದೆ ಹೊದ್ದು ಕೂತಿದ್ದಾನೆ. ಹೆಸರು ಟರ್ಬೊ ಸಿ.

ಅವನ ಲೆಕ್ಕದಲ್ಲಿ ಮೋಸ ಇಲ್ಲ, ಜಾಗ ಇಲ್ಲ ಅಷ್ಟೆ. ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ ಡಬ್ಬಿಗೆ ‘ಇಂಟ್’ ಅಂತ ಹೆಸರು. ಆ ಡಬ್ಬಿ ಎಷ್ಟು ದೊಡ್ಡದಿರಬೇಕು ಅಂತ ಭಾಷೆ ಖಡಾಖಂಡಿತವಾಗಿ ಹೇಳುವುದಿಲ್ಲ. ಕನಿಷ್ಠ 16 ಬಿಟ್ ಇರಲಿ, ಉಳಿದದ್ದು ನಿಮ್ಮ ನಿಮ್ಮ ಯಂತ್ರದ ಶಕ್ತ್ಯನುಸಾರ ಅನ್ನುತ್ತದೆ. ಟರ್ಬೊ ಸಿ ಆ ಕನಿಷ್ಠಕ್ಕೇ ತೃಪ್ತಿಪಟ್ಟುಕೊಂಡ ಜೀವ. 32,767ರ ತನಕ ಅವನ ಡಬ್ಬಿ ಹಿಡಿಯುತ್ತದೆ. ಅದರ ಮೇಲೆ ಒಂದು ರೂಪಾಯಿ ಹಾಕಿದರೆ ಲೆಕ್ಕ ಪಲ್ಟಿ ಹೊಡೆದು ಮೈನಸ್ 32,768ಕ್ಕೆ ಹೋಗಿ ಬೀಳುತ್ತದೆ. ಅದೇ ಪ್ರೋಗ್ರಾಮನ್ನು ಲಿನಕ್ಸಿನ ಜಿಸಿಸಿ ಎಂಬ ಕಂಪೈಲರಿಗೆ ಕೊಡಿ: ಅಲ್ಲಿ ಇಂಟ್ 32 ಬಿಟ್, ಅಡಿಕೆಗೆ ನ್ಯಾಯವಾದ ಬೆಲೆ ಬರುತ್ತದೆ. ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಅದು ನಿಂತ ನೆಲ ಬದಲಾಗಿದೆ.

ನೆಲ ಬದಲಾದರೂ ಮುಗ್ಗರಿಸದಂತೆ ಕೋಡು ಬರೆಯುವ ಕೆಲಸಕ್ಕೆ ಪೋರ್ಟೆಬಿಲಿಟಿ ಅನ್ನುತ್ತಾರೆ. ಮಾಮೂಲಿ ಪ್ರೋಗ್ರಾಮು ಮುಗ್ಗರಿಸಿದರೆ ಅದೊಂದೇ ಬೀಳುತ್ತದೆ. ಲೈಬ್ರರಿ, ಅಂದರೆ ನೂರಾರು ಪ್ರೋಗ್ರಾಮುಗಳು ಎರವಲು ಪಡೆಯುವ ಕೋಡಿನ ಗಂಟು, ಮುಗ್ಗರಿಸಿದರೆ ಅದರ ಹೆಗಲ ಮೇಲೆ ಕೈಯಿಟ್ಟವರೆಲ್ಲ ಬೀಳುತ್ತಾರೆ. ಆದ್ದರಿಂದ ಲೈಬ್ರರಿ ಬರೆಯುವವನಿಗೆ ಒಂದು ವಿಚಿತ್ರ ಗುಣ ಇರಬೇಕಾಗುತ್ತದೆ. ತನ್ನ ಮೇಜಿನ ಮೇಲಿರುವ ಯಂತ್ರ ಬಿಟ್ಟು ಜಗತ್ತಿನಲ್ಲಿ ಬೇರೆ ಯಂತ್ರಗಳೂ ಇವೆ, ಅವುಗಳ ಮುಂದೆಯೂ ಮನುಷ್ಯರೇ ಕೂತಿದ್ದಾರೆ ಅಂತ ನಂಬುವ ಗುಣ. ನಮ್ಮಲ್ಲಿ ಕೊರತೆ ಇರುವುದು ಇದರದ್ದು. ಬುದ್ಧಿಗೆ ಬರ ಇಲ್ಲ. ಬೆಂಗಳೂರಿನ ರಿಂಗ್ ರೋಡಿನಲ್ಲಿ ನಿಂತು ಕಲ್ಲೆಸೆದರೆ ಅದು ಸಿ ಬಲ್ಲವನ ತಲೆಗೇ ಬೀಳುತ್ತದೆ.

ಕೊರತೆಗೆ ಅಡಿಪಾಯ ಕಾಲೇಜಿನಲ್ಲೇ ಬೀಳುತ್ತದೆ. ಬೋರ್ಲೆಂಡ್ ಕಂಪನಿ ಟರ್ಬೊ ಸಿಯನ್ನು ಬಿಟ್ಟದ್ದು 1987ರಲ್ಲಿ, ಡಾಸ್ ಯಂತ್ರಗಳಿಗೆ. ಆಗ ಚನ್ನಗಿರಿ ತಾಲ್ಲೂಕಿನ ನಲ್ಲೂರು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಡಾಸ್ ತೀರಿಕೊಂಡು ಯಾವ ಕಾಲವಾಯಿತು. ತೀರಿಕೊಂಡದ್ದಕ್ಕೆ ಡಾಸ್‌ಬಾಕ್ಸ್ ಎಂಬ ಪೆಟ್ಟಿಗೆ ಮಾಡಿಸಿ, ಹೊಸ ವಿಂಡೋಸಿನ ಮೇಲೆ ಪೆಟ್ಟಿಗೆಯಿಟ್ಟು, ಅದರೊಳಗೆ ಟರ್ಬೊ ಸಿಯನ್ನು ಮಲಗಿಸಿ, ಮಕ್ಕಳ ಕೈಯಿಂದ ವರ್ಷಾಬ್ದಿಕ ಮಾಡಿಸುವ ಕಾಲೇಜುಗಳನ್ನು ನೀವೂ ಬಲ್ಲಿರಿ. ಮಂತ್ರಗಳು ನಿಗದಿಯಾಗಿವೆ. ಮೊದಲು ‘ಕಾನಿಯೋ ಡಾಟ್ ಎಚ್’ ಆವಾಹನೆ, ಆಮೇಲೆ ‘ವಾಯ್ಡ್ ಮೇನ್’, ಆಮೇಲೆ ‘ಸಿಎಲ್ಆರ್‌ಎಸ್‌ಸಿಆರ್’ ಹೇಳಿ ಪರದೆ ಗುಡಿಸುವುದು, ಕೊನೆಗೆ ‘ಗೆಟ್‌ಸಿಎಚ್’ ಹೇಳಿ ಕೈಮುಗಿದು ಕಾಯುವುದು. ಕಾನಿಯೋ ಆಗಲಿ, ಅದರೊಳಗಿನ ಈ ಎರಡು ಆಚಾರಗಳಾಗಲಿ ಸಿ ಭಾಷೆಯ ಮಾನಕದಲ್ಲಿಲ್ಲ. ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳಬೇಕಾದರೆ ಮಾತ್ರ ಕಡ್ಡಾಯ. ಹಳ್ಳಿಯಿಂದ ಬಂದ ಹುಡುಗಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು, ಲ್ಯಾಬಿನ ಪ್ರೋಗ್ರಾಮನ್ನು ಮನೆಯಲ್ಲಿ ಓಡಿಸಲು ಹೋಗಿ, ಕಾನಿಯೋ ಎಂಬ ಫೈಲೇ ಇಲ್ಲ ಎಂಬ ತಕರಾರು ತಂದರೆ ಉತ್ತರ ಸಿದ್ಧವಾಗಿರುತ್ತದೆ: “ನಿನ್ನ ಲ್ಯಾಪ್‌ಟಾಪ್ ಸರಿ ಇಲ್ಲಮ್ಮ.”

ಚನ್ನಗಿರಿಯವರಿಗೆ ಪೋರ್ಟಿಂಗ್ ಏನು ಅಂತ ವಿವರಿಸಲು ಲ್ಯಾಬು ಬೇಕಿಲ್ಲ. ಇಡೀ ತಾಲ್ಲೂಕೇ ಒಮ್ಮೆ ಪೋರ್ಟ್ ಆಗಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಸೂಳೆಕೆರೆ ಒಂದಿಂಚು ಸರಿಯಲಿಲ್ಲ. ಭದ್ರಾ ನಾಲೆಯ ನೀರು ಇನ್ನೊಂದು ದಿಕ್ಕಿಗೆ ಹರಿಯಲಿಲ್ಲ. ತೋಟದ ಒಂದು ಅಡಿಕೆ ಮರವನ್ನೂ ಕಿತ್ತು ನೆಡಲಿಲ್ಲ. ಬದಲಾದದ್ದು ಕಾಗದದ ತಲೆಬರಹ. ಹೊಸ ಬೈಕಿಗೆ ಕೆಎ-14ರ ಜಾಗದಲ್ಲಿ ಕೆಎ-17 ಬಂತು. ಜಿಲ್ಲಾಧಿಕಾರಿಗಳಿಗೆ ಬರೆಯುವ ಅರ್ಜಿ ಪಶ್ಚಿಮದ ಬದಲು ಉತ್ತರಕ್ಕೆ ಹೊರಟಿತು. ಹಳೆ ಕಡತ ಎಲ್ಲಿ ಅಂತ ಕೇಳಿದವನಿಗೆ ಒಬ್ಬರು ಆ ಊರಿನ ಕಡೆ, ಇನ್ನೊಬ್ಬರು ಈ ಊರಿನ ಕಡೆ ಕೈ ತೋರಿಸಿದರು. ಸಿ ಪ್ರೋಗ್ರಾಮಿನ ಪಾಡೂ ಇಷ್ಟೇ. ಒಳಗಿನ ಕೂಡು-ಕಳೆ ಎಲ್ಲ ಕಡೆ ಒಂದೇ. ಫೈಲು ತೆರೆಯಲು, ನೆಟ್‌ವರ್ಕಿಗೆ ಹೋಗಲು, ಗಂಟೆ ಎಷ್ಟಾಯಿತು ಅಂತ ಕೇಳಲು ಯಾವ ಕಚೇರಿಗೆ, ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು ಅನ್ನುವುದು ಮಾತ್ರ ಬೇರೆ ಬೇರೆ.

ಮತ್ತು ಈ ಕಚೇರಿಗಳು ಒಂದಕ್ಕೊಂದು ಮಾತಾಡಿಕೊಂಡು ನಿಯಮ ಮಾಡಿದವಲ್ಲ. ಸುಮ್ಮನೆ ಹತ್ತು ಎಣಿಸುವಷ್ಟು ನಿದ್ದೆ ಮಾಡು ಅಂತ ಪ್ರೋಗ್ರಾಮಿಗೆ ಹೇಳಬೇಕೆನ್ನಿ. ಯುನಿಕ್ಸ್ ಮನೆತನದಲ್ಲಿ ‘ಸ್ಲೀಪ್’ ಅನ್ನುವುದಕ್ಕೆ ಸಣ್ಣ ಎಸ್, ಲೆಕ್ಕ ಸೆಕೆಂಡಿನಲ್ಲಿ. ವಿಂಡೋಸಿನಲ್ಲಿ ದೊಡ್ಡ ಎಸ್, ಲೆಕ್ಕ ಮಿಲಿಸೆಕೆಂಡಿನಲ್ಲಿ. ಅದೇ ಹತ್ತು ಒಂದು ಕಡೆ ಹತ್ತು ಸೆಕೆಂಡಿನ ನಿದ್ದೆ, ಇನ್ನೊಂದು ಕಡೆ ಕಣ್ಣು ಮಿಟುಕಿಸುವುದರೊಳಗೆ ಎಚ್ಚರ. ಫೋಲ್ಡರಿನ ಹೆಸರುಗಳ ನಡುವೆ ಯುನಿಕ್ಸ್ ಓರೆಗೆರೆಯನ್ನು ಬಲಕ್ಕೆ ವಾಲಿಸಿದರೆ ಡಾಸ್ ಎಡಕ್ಕೆ ವಾಲಿಸಿತು, ಯಾಕೆಂದರೆ 1983ರಲ್ಲಿ ಡಾಸಿಗೆ ಫೋಲ್ಡರುಗಳು ಬರುವಷ್ಟರಲ್ಲಿ ಬಲಕ್ಕೆ ವಾಲಿದ ಗೆರೆಯನ್ನು ಆಜ್ಞೆಗಳ ಬಾಲಕ್ಕೆ ಕಟ್ಟಿ ಆಗಿತ್ತು. ಸಾಲು ಮುಗಿಯಿತು ಅನ್ನಲು ಯುನಿಕ್ಸಿಗೆ ಒಂದು ಗುರುತು ಸಾಕು. ವಿಂಡೋಸಿಗೆ ಎರಡು ಬೇಕು, ಒಂದು ಕಾಗದವನ್ನು ಮೇಲೆ ಸರಿಸಲು, ಒಂದು ಅಚ್ಚಿನ ತಲೆಯನ್ನು ಎಡಕ್ಕೆ ತಳ್ಳಲು. ಕಾಗದ ಸರಿಸುವ ಟೆಲಿಪ್ರಿಂಟರ್ ಗುಜರಿ ಸೇರಿದ ಮೇಲೂ ಗುರುತು ಉಳಿದಿದೆ. ವಿಂಡೋಸಿನಲ್ಲಿ ಯಾವ ಫೈಲಿಗೂ ‘ಕಾನ್’, ‘ಆಕ್ಸ್’, ‘ನಲ್’ ಅಂತ ಹೆಸರಿಡುವಂತಿಲ್ಲ, ಡಾಸ್ ಕಾಲದ ದೈವಗಳು ಮುನಿಯುತ್ತವೆ. ಲಿನಕ್ಸ್ ಕರ್ನಲಿನ ಗ್ರಾಫಿಕ್ಸ್ ವಿಭಾಗದಲ್ಲಿ ‘ಆಕ್ಸ್ ಡಾಟ್ ಸಿ’ ಎಂಬ ನಿರುಪದ್ರವಿ ಫೈಲಿದೆ. ಆ ಒಂದು ಹೆಸರಿನಿಂದಾಗಿ ವಿಂಡೋಸ್ ಡಿಸ್ಕಿಗೆ ಲಿನಕ್ಸ್ ಮೂಲವನ್ನು ಮಾಮೂಲಿ ದಾರಿಯಲ್ಲಿ ಇಳಿಸಲು ಹೋದವರು ಬಾಗಿಲಲ್ಲೇ ಎಡವುತ್ತಾರೆ. ಇನ್ನೂ ಒಂದು ಇದೆ: 64 ಬಿಟ್ಟಿನ ವಿಂಡೋಸಿನಲ್ಲಿ 64 ಬಿಟ್ಟಿನ ಲೈಬ್ರರಿಗಳು ಇರುವ ಫೋಲ್ಡರಿನ ಹೆಸರು ‘ಸಿಸ್ಟಮ್32’. 32 ಬಿಟ್ಟಿನವು ಇರುವುದು ‘ಸಿಸ್‌ವಾವ್64’ ಎಂಬುದರಲ್ಲಿ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ವ್ಯಂಗ್ಯ ಬರೆಯುವವರ ಹೊಟ್ಟೆಯ ಮೇಲೆ ಹೊಡೆಯುವಂಥ ಕೆಲಸವನ್ನು ಅವರೇ ಮಾಡಿಟ್ಟಿದ್ದಾರೆ.

ಇಷ್ಟೆಲ್ಲ ಇದ್ದೂ ಸಿ ಭಾಷೆಗೆ ‘ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಭಾಷೆ’ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಬೆಲ್ ಲ್ಯಾಬ್ಸಿನಲ್ಲಿ ಡೆನ್ನಿಸ್ ರಿಚಿ 1972ರ ಹೊತ್ತಿಗೆ ಸಿ ಕಟ್ಟಿದರು, 1973ರಲ್ಲಿ ಯುನಿಕ್ಸನ್ನೇ ಅದರಲ್ಲಿ ತಿರುಗಿ ಬರೆದದ್ದಾಯಿತು. ಆದರೆ ಅದು ಓಡುತ್ತಿದ್ದದ್ದು ಡಿಇಸಿ ಕಂಪನಿಯ ಪಿಡಿಪಿ ಯಂತ್ರಗಳ ಮೇಲೆ ಮಾತ್ರ. ಬೇರೆ ಯಂತ್ರಕ್ಕೆ ಒಂದೊಂದೇ ಪ್ರೋಗ್ರಾಮು ಸಾಗಿಸುವುದಕ್ಕಿಂತ ಆಪರೇಟಿಂಗ್ ಸಿಸ್ಟಮನ್ನೇ ಬೇರುಸಹಿತ ಎತ್ತಿಕೊಂಡು ಹೋಗುವುದು ಸುಲಭ ಎಂದು ರಿಚಿ ಮತ್ತು ಸ್ಟೀವ್ ಜಾನ್ಸನ್ ಇಂಟರ್‌ಡೇಟಾ 8/32 ಎಂಬ ಯಂತ್ರ ತರಿಸಿಕೊಂಡರು. ಅದೇ ಸುಮಾರಿಗೆ, 1977ರಲ್ಲಿ, ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಇಂಟರ್‌ಡೇಟಾ 7/32ರ ಮೇಲೆ ಯುನಿಕ್ಸನ್ನು ಎಬ್ಬಿಸಿ ಕೂರಿಸಿದರು. ಬೈಟುಗಳ ಜೋಡಿಯನ್ನು ಹಿಂದುಮುಂದು ಓದುವ ಯಂತ್ರಕ್ಕೆ ಹೋದರೆ ‘ಯುನಿಕ್ಸ್’ ಎಂಬ ನಾಲ್ಕಕ್ಷರ ‘ನಕ್ಸಿ’ ಆಗುತ್ತದೆ. ಈ ತೊಂದರೆಗೆ ಇಂದಿಗೂ ನಕ್ಸಿ ಪ್ರಾಬ್ಲೆಮ್ ಅಂತಲೇ ಹೆಸರು. ತಮ್ಮ ಹೆಸರೇ ತಿರುಗುಮುರುಗಾಗುವುದನ್ನು ಕಂಡವರು ಹುಷಾರಾದರು. ಯಂತ್ರಕ್ಕೆ ಅಂಟಿದ್ದನ್ನು ಒಂದು ಮೂಲೆಗೆ, ಅಂಟದ್ದನ್ನು ಇನ್ನೊಂದು ಮೂಲೆಗೆ ಬೇರ್ಪಡಿಸಿದರು. ಈ ವಿದ್ಯೆಯ ಸಾರವೆಲ್ಲ ಆ ಬೇರ್ಪಡಿಸುವುದರಲ್ಲೇ ಇದೆ. ಆಗಲೂ, ಈಗಲೂ.

ಬೇರ್ಪಡಿಸಲು ಸೋಮಾರಿತನವಾದವರಿಗೆ ‘ಇಫ್‌ಡೆಫ್’ ಇದೆ. ವಿಂಡೋಸ್ ಆದರೆ ಈ ಸಾಲು, ಆಪಲ್ ಆದರೆ ಆ ಸಾಲು, ಸೋಲಾರಿಸ್ ಆದರೆ ಇನ್ನೊಂದು, ಯಾವುದೂ ಅಲ್ಲದಿದ್ದರೆ ದೇವರು ಕಾಪಾಡಲಿ ಅಂತ ಕೋಡಿನ ಉದ್ದಕ್ಕೂ ಬೇಲಿ ಹಾಕುತ್ತಾ ಹೋಗುವುದು. 1992ರಲ್ಲೇ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ ಇದು ಹಾನಿಕರ ಅಂತ ಒಂದು ಪ್ರಬಂಧವನ್ನೇ ಮಂಡಿಸಿದರು. ಮೂವತ್ತು ವರ್ಷ ದಾಟಿತು, ಬೇಲಿ ಬೆಳೆಯುತ್ತಲೇ ಇದೆ. ಸಂಜೆ ಏಳರ ನಂತರ ಡೆಡ್‌ಲೈನ್ ಇಟ್ಟುಕೊಂಡವರು ಪ್ರಬಂಧ ಓದುವುದಿಲ್ಲ.

ಈಗ ಒಂದು ಸಂಭಾಷಣೆ. ಮಾವ ನಲ್ಲೂರಿನ ಅಡಿಕೆ ಬೆಳೆಗಾರ, ಒಂದು ಸಣ್ಣ ಸೊಸೈಟಿಯ ನಿರ್ದೇಶಕ. ಅಳಿಯ ಬೆಂಗಳೂರಿನಲ್ಲಿ ಸಿ ಬರೆಯುತ್ತಾನೆ, ಸೊಸೈಟಿಗೆ ಪುಕ್ಕಟೆ ಲೆಕ್ಕದ ಪ್ರೋಗ್ರಾಮು ಮಾಡಿಕೊಟ್ಟಿದ್ದಾನೆ. ಇಬ್ಬರನ್ನೂ ನಾನು ಕಲ್ಪಿಸಿಕೊಂಡಿದ್ದೇನೆ. ಬಸ್ಸಿನ ಪಕ್ಕದ ಸೀಟಿನಲ್ಲಿ ನೀವು ಅವರನ್ನು ನಿಜವಾಗಿಯೂ ಕಂಡಿರುತ್ತೀರಿ.

“ಅಲ್ಲಪ್ಪ, ರೂಪಾಯಿ ಬಿಟ್ಟು ಪೈಸೆ ಲೆಕ್ಕ ಯಾಕೆ ಇಟ್ಟೀಯ?”

“ದಶಾಂಶ ಹಾಕಿದ್ರೆ ಕಂಪ್ಯೂಟರ್ ಚೂರುಪಾರು ತಪ್ಪು ಮಾಡ್ತದೆ ಮಾವ. ಎಲ್ಲಾನೂ ಪೈಸೆ ಮಾಡಿ ಇಟ್ರೆ ಕರಾರುವಾಕ್ಕು.”

“ಆತು. ಎಷ್ಟರ ತನಕ ಹಿಡೀತದೆ?”

“ಅದು ಯಾವ ಕಂಪ್ಯೂಟರ್ ಅನ್ನೋದರ ಮೇಲೆ ಐತೆ. ‘ಲಾಂಗ್’ ಅಂತ ಬರ್ದಿದೀನಿ. ಲಿನಕ್ಸಲ್ಲಾದ್ರೆ ರಾಜ್ಯದ ಬಜೆಟ್ಟೂ ಹಿಡೀತದೆ. ವಿಂಡೋಸಲ್ಲಾದ್ರೆ ಎರಡು ಕೋಟಿ ಹದಿನಾಲ್ಕು ಲಕ್ಷದ ಎಪ್ಪತ್ನಾಲ್ಕು ಸಾವಿರ ಚಿಲ್ರೆ. ಅದರ ಮ್ಯಾಲೆ ಹೋದ್ರೆ ಮೈನಸ್.”

“ಎಲ್ಡೂ ಅರವತ್ನಾಕು ಬಿಟ್ಟಿಂದೇ ಅಂದಿದ್ದೆ?”

“ಎಲ್ಡೂ ಅದೇ ಮಾವ. ಆದ್ರೂ ಅವರ ಲಾಂಗೇ ಬ್ಯಾರೆ, ಇವರ ಲಾಂಗೇ ಬ್ಯಾರೆ.”

“ನೀನು ಓಡಿಸಿ ನೋಡಿದ್ದು ಯಾವುದ್ರಾಗೆ?”

“ಲಿನಕ್ಸಾಗೆ.”

“ಸೊಸೈಟಿ ಕಂಪ್ಯೂಟರು?”

“ವಿಂಡೋಸು.”

“ಹಂಗಾರೆ ಮೈನಸ್ ಆದದ್ದನ್ನ ಯಾರು ಕಟ್ತಾರೆ? ನಿಮ್ಮಪ್ಪನ್ನ ಕೇಳ್ಲಾ?”

ಮಾವ ಕೇಳಿದ ಪ್ರಶ್ನೆಗೆ 1999ರ ಸಿ ಮಾನಕದಲ್ಲೇ ಉತ್ತರ ಇದೆ. ‘ಇಂಟ್64_ಟಿ’ ಅಂತ ಬರೆದರೆ 64 ಬಿಟ್ ಬೇಕು ಅಂದರೆ 64 ಬಿಟ್, ಲಿನಕ್ಸಿನಲ್ಲೂ ಅಷ್ಟೆ, ವಿಂಡೋಸಿನಲ್ಲೂ ಅಷ್ಟೆ. ಹೆಸರು ಸ್ವಲ್ಪ ಉದ್ದ, ಬೆರಳಿಗೆ ನಾಲ್ಕು ಬಡಿತ ಹೆಚ್ಚು. ಅಳಿಯ ಕಲಿಯಲಿಲ್ಲ, ಏಕೆಂದರೆ ಅವನಿಗೆ ಸಿ ಕಲಿಸಿದ ಟರ್ಬೊ ಸಿ ಆ ಮಾನಕ ಹುಟ್ಟುವ ಮೊದಲೇ ಬೆಳವಣಿಗೆ ನಿಲ್ಲಿಸಿತ್ತು.

ಲೆಕ್ಕದ ಕಥೆ ಹೋಗಲಿ, ಊರಿನ ಹೆಸರಿಗೆ ಬರೋಣ. ನಲ್ಲೂರು ಎಷ್ಟು ಉದ್ದ? ಶಾಲೆಯ ಮಗು ಮೂರಕ್ಷರ ಅನ್ನುತ್ತದೆ. ಯುನಿಕೋಡು ಏಳು ಸಂಕೇತ ಅನ್ನುತ್ತದೆ, ಒತ್ತಕ್ಷರವನ್ನೂ ಕೊಂಬು-ದೀರ್ಘಗಳನ್ನೂ ಬಿಡಿಸಿ ಎಣಿಸುವುದರಿಂದ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಹಾಗಾಗಿ ಸಿ ಭಾಷೆಯ ‘ಸ್ಟ್ರ್‌ಲೆನ್’ ಅದನ್ನು 21 ಅನ್ನುತ್ತದೆ. ಅಗಲ ಅಕ್ಷರ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿ ಇಟ್ಟರೆ ವಿಂಡೋಸಿನಲ್ಲಿ 14 ಬೈಟು, ಲಿನಕ್ಸಿನಲ್ಲಿ 28, ಏಕೆಂದರೆ ಅಗಲ ಎಷ್ಟು ಅನ್ನುವುದನ್ನು ಮಾನಕದವರು ಬರೆಯುವವರ ವಿವೇಚನೆಗೆ ಬಿಟ್ಟರು. ಇಂಟೆಲ್ ಯಂತ್ರದ ಮಾಮೂಲಿ ‘ಚಾರ್’ನಲ್ಲಿ ‘ನ’ ಅಕ್ಷರದ ಮೊದಲ ಬೈಟು ಮೈನಸ್ 32. ಅದೇ ಬೈಟು ಆಂಡ್ರಾಯ್ಡ್ ಫೋನಿನ ಆರ್ಮ್ ಚಿಪ್ಪಿನಲ್ಲಿ 224. ಒಂದೇ ಊರು, ಒಂದು ಯಂತ್ರದಲ್ಲಿ ಸಾಲಗಾರ, ಇನ್ನೊಂದರಲ್ಲಿ ಸಾಹುಕಾರ.

ಇದನ್ನೆಲ್ಲ ಲೆಕ್ಕಿಸದ ಮಹನೀಯರು ಊರಿನ ಹೆಸರಿಗೆ 20 ಬೈಟಿನ ಜಾಗ ಸಾಕು ಅನ್ನುತ್ತಾರೆ. ಇಂಗ್ಲಿಷ್ ಹೆಸರಿಗೆ ಸಾಕು, ಅವರ ಪರೀಕ್ಷೆ ನಡೆದದ್ದೂ ಇಂಗ್ಲಿಷ್ ಹೆಸರಿನಲ್ಲೇ. ಕನ್ನಡದ ನಲ್ಲೂರನ್ನು ಅದರಲ್ಲಿ ತುರುಕಿದರೆ ಕೊನೆಯ ಕೊಂಬು ಮುರಿದು ‘ನಲ್ಲೂರ’ ಉಳಿಯುತ್ತದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕಪ್ಪು ಚೌಕುಳಿ. ಚನ್ನಗಿರಿಗೆ 24 ಬೈಟು ಬೇಕು, ಹೊನ್ನಾಳಿಗೂ 24, ನ್ಯಾಮತಿಗೆ 21. ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಗಹೀನವಾಗದೆ ಒಳಗೆ ಹೋಗುವುದು 18 ಬೈಟಿನ ಜಗಳೂರು ಒಂದೇ. ಬರದ ನಾಡು ಅಂತ ಅನ್ನಿಸಿಕೊಂಡ ಜಗಳೂರಿಗೆ ಕಂಪ್ಯೂಟರಿನವರು ಮಾಡಿದ ಏಕೈಕ ಉಪಕಾರ ಇದಿರಬೇಕು. ಹೊನ್ನಾಳಿಯದ್ದು ಇನ್ನೊಂದು ಗೋಳು. ಆಪಲ್ಲಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿಗೆ ಆ ಹೆಸರಿನ ಫೈಲು ಇಟ್ಟರೆ ಅದು ‘ಹೊ’ದ ಸ್ವರಚಿಹ್ನೆಯನ್ನು ಎರಡು ತುಂಡು ಮಾಡಿ ಇಟ್ಟುಕೊಳ್ಳುತ್ತದೆ. ಇಟ್ಟದ್ದು 24 ಬೈಟು, ವಾಪಸು ಸಿಕ್ಕಿದ್ದು 27. ಕಣ್ಣಿಗೆ ಎರಡೂ ಹೊನ್ನಾಳಿಯೇ. ಹೋಲಿಸಿ ನೋಡುವ ಪ್ರೋಗ್ರಾಮಿಗೆ ಎರಡು ಬೇರೆ ಊರು.

ವಿಂಡೋಸಿನಲ್ಲಿ ಸಿ ಭಾಷೆಯ ಮಾಮೂಲಿ ‘ಎಫ್‌ಓಪನ್’ ಬಳಸಿ ‘ನಲ್ಲೂರು’ ಹೆಸರಿನ ಫೈಲು ತೆರೆಯುವುದು ಬಹುಕಾಲ ಆಗದ ಮಾತಾಗಿತ್ತು. ಆ ದಾರಿಯಲ್ಲಿ ಹೋಗುವ ಅಕ್ಷರಗಳಿಗೆ ಕೋಡ್ ಪೇಜ್ ಎಂಬ ಪಡಿತರ ಚೀಟಿ ಬೇಕು, ಕನ್ನಡಕ್ಕೆ ವಿಂಡೋಸ್ ಅದನ್ನು ಕೊಟ್ಟೇ ಇರಲಿಲ್ಲ. ಬೇರೆ ಹೆಸರಿನ, ವಿಂಡೋಸಿಗಷ್ಟೇ ಗೊತ್ತಿರುವ ಕಿಟಕಿಯ ಹತ್ತಿರ ಹೋಗಿ ಕೇಳಬೇಕಿತ್ತು. ಮುಂಬಾಗಿಲಿನಲ್ಲೇ ಯುಟಿಎಫ್-8 ತೆಗೆದುಕೊಂಡು ಬರಲು ಪ್ರೋಗ್ರಾಮುಗಳಿಗೆ ಅನುಮತಿ ಸಿಕ್ಕಿದ್ದು 2019ರ ವಿಂಡೋಸ್ 10 ಆವೃತ್ತಿಯಲ್ಲಿ. ಕನ್ನಡ ಯುನಿಕೋಡ್ ಸೇರಿದ್ದು 1991ರಲ್ಲಿ. ನಡುವಿನ 28 ವರ್ಷ ನಾವು ರಾಜ್ಯೋತ್ಸವ ಮಾಡಿದೆವು.

ಪರದೇಶದವರ ಮೇಲೆ ಗೂಬೆ ಕೂರಿಸಿ ಏಳುವಂತಿಲ್ಲ, ಮನೆಯೊಳಗಿನದೂ ಸ್ವಲ್ಪ ಇದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವನ್ನು ಸರ್ಕಾರ ಒಪ್ಪಿಕೊಂಡು ಕಚೇರಿ ಕಚೇರಿಗೂ ಹಂಚಿತು. ಆಗಿನ ಕಾಲಕ್ಕೆ ಅದು ದೊಡ್ಡ ಉಪಕಾರವೇ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಮನೆಮನೆಗೆ ಹೋದದ್ದೂ ಅದರ ಜೊತೆಯಲ್ಲೇ. ಆದರೆ ನುಡಿಯ ಹಳೆಯ ಫಾಂಟುಗಳು ಕನ್ನಡವನ್ನು ಕನ್ನಡ ಅಂತ ಬರೆದಿಡುತ್ತಿರಲಿಲ್ಲ. ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳನ್ನು ತೆಗೆದುಕೊಂಡು, ಅವುಗಳ ಮುಖಕ್ಕೆ ಕನ್ನಡದ ಆಕಾರ ತೊಡಿಸುತ್ತಿದ್ದವು. ಫಾಂಟು ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಬಣ್ಣ ಕಳಚಿದ ವೇಷ. ಹಾಗೆ ಬರೆದ ‘ನಲ್ಲೂರು’ ಫಾಂಟಿಲ್ಲದ ಯಂತ್ರದಲ್ಲಿ ಹೇಗೆ ಕಾಣುತ್ತದೆ ಗೊತ್ತೆ? ಮೊದಲು ಬ್ರಿಟನ್ನಿನ ಪೌಂಡ್ ಗುರುತು. ಆಮೇಲೆ ತಲೆಯ ಮೇಲೆ ಗೀಟು ಹೊತ್ತ ‘ಎ’. ಆಮೇಲೆ ವೃತ್ತದೊಳಗೆ ‘ಆರ್’, ಅಂದರೆ ನೋಂದಾಯಿತ ಟ್ರೇಡ್‌ಮಾರ್ಕು. ಆಮೇಲೆ ‘ಎ’ ಮತ್ತು ‘ಇ’ ಬೆನ್ನಿಗೆ ಬೆನ್ನು ಅಂಟಿಸಿಕೊಂಡ ಅವಳಿ, ಫ್ರೆಂಚರ ಗೀಟಿನ ‘ಇ’, ಸಣ್ಣ ‘ಜಿ’, ಮತ್ತೆ ಗೀಟಿನ ‘ಎ’, ಕೊನೆಗೆ ತಲೆಯ ಮೇಲೆ ಎರಡು ಚುಕ್ಕಿ ಇಟ್ಟುಕೊಂಡ ‘ಎ’. ಒಟ್ಟು ಎಂಟು ಬೈಟು. ಊರು ಶುರುವಾಗುವುದು ಪೌಂಡಿನಲ್ಲಿ, ಹೊಟ್ಟೆಯೊಳಗೆ ಟ್ರೇಡ್‌ಮಾರ್ಕು. ಈಸ್ಟ್ ಇಂಡಿಯಾ ಕಂಪನಿಗೂ ಇಷ್ಟು ಅಚ್ಚುಕಟ್ಟಾಗಿ ಮುದ್ರೆ ಒತ್ತಲು ಬಂದಿರಲಿಲ್ಲ.

ನುಡಿಯ ಹೊಸ ಆವೃತ್ತಿಗಳು ಯುನಿಕೋಡ್ ಬಲ್ಲವು. ಬಳಸುವ ಬೆರಳುಗಳು ಮಾತ್ರ ಹಳೆ ಆವೃತ್ತಿಯವು. ಇವತ್ತಿಗೂ ಯಾವುದೋ ಒಂದು ಕಚೇರಿಯಿಂದ ಬಂದ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಪೌಂಡು, ಟ್ರೇಡ್‌ಮಾರ್ಕು, ಜರ್ಮನ್ ಎಸ್ಸುಗಳ ಸಂತೆ. ಕೇಳಿದರೆ, “ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣ್ತಿದೆಯಲ್ಲ ಸಾರ್.” ಕಾಣುತ್ತದೆ, ನಿಜ. ಅರ್ಜಿದಾರನೇ ಆ ಕಂಪ್ಯೂಟರಿನ ಮುಂದೆ ಬಂದು ನಿಲ್ಲಲಿ ಎಂಬುದು ಕಚೇರಿಯ ಪೋರ್ಟೆಬಿಲಿಟಿ ನೀತಿ. ಇದೇ ಸೀಮೆಯಿಂದ ಹೋದ ಪಟೇಲರು 1967ರಲ್ಲಿ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದರು. ಆ ಭಾಷಣವನ್ನು ಹಳೆಯ ನುಡಿಯಲ್ಲಿ ಟೈಪ್ ಮಾಡಿ ದಿಲ್ಲಿಗೆ ಕಳಿಸಿದ್ದರೆ ಸದನ ಅದನ್ನು ಐಸ್‌ಲ್ಯಾಂಡಿನ ರಾಯಭಾರಿಯ ಪತ್ರ ಅಂದುಕೊಳ್ಳುತ್ತಿತ್ತು.

ಹಾಗಾದರೆ ನಲ್ಲೂರಿನ ಹುಡುಗರ ಮೊಬೈಲಿನಲ್ಲಿ ಕನ್ನಡ ಇಷ್ಟು ಚೆನ್ನಾಗಿ ಕಾಣುವುದು ಯಾರ ಕೃಪೆ? ಯಾವ ನಿಗಮದ್ದೂ ಅಲ್ಲ, ಪ್ರಾಧಿಕಾರದ್ದೂ ಅಲ್ಲ. ‘ಲ’ದ ಕೆಳಗೆ ಲ-ಒತ್ತು ಎಲ್ಲಿ ಕೂರಬೇಕು, ದೀರ್ಘದ ಬಾಲ ಎಲ್ಲಿ ಬರಬೇಕು ಎಂದು ಲೆಕ್ಕ ಹಾಕುವ ಲೈಬ್ರರಿಯ ಹೆಸರು ಹಾರ್ಫ್‌ಬಜ್. ಅದನ್ನು ಬೆಳೆಸಿದವರು ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. ಹೆಸರು ಪಾರ್ಸಿ, ಒಳಗೆ ಸಿ++, ಹೊರಗಿನವರು ಮಾತಾಡಿಸಲು ಸಿ ಭಾಷೆಯ ಬಾಗಿಲು. ಆಂಡ್ರಾಯ್ಡಿನಲ್ಲೂ ಅದೇ, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸಿನಲ್ಲೂ ಅದೇ. ಆಕಾರದ ಗೆರೆಗಳನ್ನು ಪರದೆಯ ಚುಕ್ಕಿಗಳಾಗಿ ತುಂಬುವುದು ಫ್ರೀಟೈಪ್, 1996ರಲ್ಲಿ ಡೇವಿಡ್ ಟರ್ನರ್ ಶುರುಮಾಡಿದ ಸಿ ಲೈಬ್ರರಿ. ಫೋನ್ ನಂಬರುಗಳನ್ನೂ ಮೆಸೇಜುಗಳನ್ನೂ ಕಾಪಿಡುವುದು ಎಸ್‌ಕ್ಯೂಲೈಟ್, 2000ದಲ್ಲಿ ರಿಚರ್ಡ್ ಹಿಪ್ ಬರೆದದ್ದು, ಅದೂ ಸಿ. ನೆಟ್ಟಿನಿಂದ ಕಡತ ತರುವ ಕರ್ಲ್ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗರದ್ದು. ನೂರಕ್ಕೂ ಹೆಚ್ಚು ಆಪರೇಟಿಂಗ್ ಸಿಸ್ಟಮುಗಳ ಮೇಲೆ ಓಡಿದೆ, ಇವತ್ತಿಗೂ 1989ರ ಸಿ ಮಾನಕದಲ್ಲೇ ಬರೆಯಲ್ಪಡುತ್ತಿದೆ. ಹೊಸ ಭಾಷಾಸೌಕರ್ಯಗಳನ್ನು ಬಳಸದೆ ಹಳೆ ಕಂಪೈಲರಿನವನನ್ನೂ ಕೈಬಿಡದೆ ಹೋಗುವ ಹಟ ಅದು. ನಮ್ಮ ಟರ್ಬೊ ಸಿ ಭಕ್ತಿಗೂ ಅದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅವರು ಎಲ್ಲ ಯಂತ್ರಗಳಿಗಾಗಿ ಹಳೆಯದನ್ನು ಹಿಡಿದಿದ್ದಾರೆ, ನಾವು ಒಂದೇ ಯಂತ್ರಕ್ಕಾಗಿ.

ಇವರೆಲ್ಲ ಪವಾಡ ಏನೂ ಮಾಡಿಲ್ಲ. ಎಸ್‌ಕ್ಯೂಲೈಟಿನ ಮೂಲ ತೆರೆದು ನೋಡಿ: ಯುನಿಕ್ಸಿಗೆ ಸೇರಿದ್ದು ‘ಓಎಸ್_ಯುನಿಕ್ಸ್’ ಎಂಬ ಒಂದು ಫೈಲಿನಲ್ಲಿ, ವಿಂಡೋಸಿಗೆ ಸೇರಿದ್ದು ‘ಓಎಸ್_ವಿನ್’ ಎಂಬ ಇನ್ನೊಂದರಲ್ಲಿ. ಉಳಿದ ಕೋಡಿಗೆ ತಾನು ಯಾವ ಜಿಲ್ಲೆಯಲ್ಲಿದ್ದೇನೆ ಎಂಬ ಚಿಂತೆ ಇಲ್ಲ. ಸಂಖ್ಯೆಗಳನ್ನು ಡಿಸ್ಕಿಗೆ ಬರೆಯುವಾಗ ಯಾವ ಯಂತ್ರವಾದರೂ ದೊಡ್ಡ ಬೈಟು ಮೊದಲು ಎಂಬ ಒಂದೇ ಕ್ರಮ. ಆದ್ದರಿಂದ ಒಂದು ಯಂತ್ರದಲ್ಲಿ ಬರೆದ ಕಡತವನ್ನು ಎತ್ತಿಕೊಂಡು ಹೋಗಿ ಇನ್ನೊಂದರಲ್ಲಿ ತೆರೆದರೆ ತೆರೆಯುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಕಾಪಿಡಲು ಸೂಚಿಸುವ ಮಾದರಿಗಳಲ್ಲಿ ಇದೂ ಒಂದು. ಕೋಡು ಸಾರ್ವಜನಿಕ ಸ್ವತ್ತು, ಕಾಸು ಕೇಳುವುದಿಲ್ಲ. ಕಾಸು ಕೇಳದ್ದಕ್ಕೆ ನಮ್ಮ ಟೆಂಡರಿನಲ್ಲಿ ಕಾಲಂ ಇಲ್ಲ, ಅದು ಬೇರೆ ಮಾತು.

ಟೆಂಡರು ಅಂದಾಗ ನೆನಪಾಯಿತು. ಎಲ್ಲ ಯುನಿಕ್ಸುಗಳೂ ಒಂದೇ ನಮೂನೆಯ ಅರ್ಜಿ ತೆಗೆದುಕೊಳ್ಳಲಿ ಅಂತ 1988ರಲ್ಲಿ ಪಾಸಿಕ್ಸ್ ಮಾನಕ ಬಂತು. ಅಮೆರಿಕ ಸರ್ಕಾರ ತನ್ನ ಖರೀದಿಗೆ ಪಾಸಿಕ್ಸ್ ಬೇಕು ಅಂದಿತು. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ತಂದಾಗ ಅದರೊಳಗೆ ಪಾಸಿಕ್ಸಿಗೂ ಒಂದು ಕೋಣೆ ಇತ್ತು. ಕೋಣೆಯಲ್ಲಿ ಮಾನಕದ ಮೊದಲ ಭಾಗ ಇತ್ತು, ಅಷ್ಟೆ. ಅಲ್ಲಿಂದ ನೆಟ್‌ವರ್ಕಿಗೆ ಹೋಗುವಂತಿರಲಿಲ್ಲ, ಪರದೆಯ ಮೇಲೆ ಒಂದು ಕಿಟಕಿ ತೆರೆಯುವಂತಿರಲಿಲ್ಲ. ಟೆಂಡರಿನ ಕಾಲಮಿಗೆ ಟಿಕ್ ಬಿತ್ತು. ಇಂಥ ಜಾಣತನ ನಮ್ಮ ಗುತ್ತಿಗೆದಾರರಿಗೆ ಮಾತ್ರ ಬರುತ್ತದೆ ಅಂತ ಕೀಳರಿಮೆ ಪಡುವವರಿಗೆ ಸಮಾಧಾನವಾಗಲಿ ಎಂದು ಹೇಳಿದೆ.

ಹೀಗಾಗಿ ಕರ್ನಾಟಕದಲ್ಲಿ ಕನ್ನಡ ತಂತ್ರಾಂಶಕ್ಕೆ ಟೆಂಡರು ಕರೆಯುವವರಲ್ಲಿ ಒಂದು ವಿನಂತಿ. ‘ಪೋರ್ಟೆಬಲ್ ಆಗಿರತಕ್ಕದ್ದು’ ಅಂತ ಬರೆಯಬೇಡಿ, ಅದಕ್ಕೂ ಟಿಕ್ ಬೀಳುತ್ತದೆ. ಮೂಲ ಕೋಡು ಎಲ್ಲರಿಗೂ ಸಿಗುವಂತಿರಬೇಕು ಅಂತ ಬರೆಯಿರಿ. ಅದು ನಿಮ್ಮ ಕಣ್ಣೆದುರು ಎರಡು ಬೇರೆ ಆಪರೇಟಿಂಗ್ ಸಿಸ್ಟಮುಗಳಲ್ಲಿ ಕಂಪೈಲ್ ಆಗಬೇಕು ಅಂತ ಬರೆಯಿರಿ. ಆಮೇಲೆ ಅದರಲ್ಲಿ ತಯಾರಾದ ಒಂದು ಕಡತವನ್ನು ಚನ್ನಗಿರಿಯ ಯಾವುದಾದರೂ ಬಸ್ ನಿಲ್ದಾಣದಲ್ಲಿ ನಿಂತವರ ಫೋನಿಗೆ ಕಳಿಸಿ, ಓದಿಸಿ ನೋಡಿ. ಹೊನ್ನಾಳಿ, ನ್ಯಾಮತಿ ಎಂಬ ಹೆಸರುಗಳು ಅದರಲ್ಲಿ ಇಡಿಯಾಗಿ ಇರಲಿ. ಓದಲು ಬಂದರೆ ಬಿಲ್ಲು ಪಾಸು ಮಾಡಿ. ಪೌಂಡ್ ಗುರುತು ಕಂಡರೆ ಬಿಲ್ಲನ್ನು ಹಿಂದಕ್ಕೆ ಕಳಿಸಿ.